ಬಾಡಿಗೆ ಮನೆಯ ಬಚ್ಚಲಿಗೆ ಗ್ಯಾಸ್ ಗೀಸರೋ, ಕರೆಂಟ್ ಗೀಸರೋ?

ಬೆಂಗಳೂರಿನಲ್ಲಿ ಬಾಡಿಗೆಗೆಂದು ಮನೆ ಕಟ್ಟಿಸುವವರು ಟೈಲ್ಸ್ ಬಣ್ಣಕ್ಕಾಗಿ ನಾಲ್ಕು ಅಂಗಡಿ ಸುತ್ತುತ್ತಾರೆ. ಬಿಸಿನೀರಿನ ಮಾತು ಬರುವುದು ಮಾತ್ರ ಕೊನೆಗೆ, ಪ್ಲಂಬರ್ ಸಾಮಾನು ಕಟ್ಟಿಕೊಳ್ಳುವ ಹೊತ್ತಿಗೆ. "ಗ್ಯಾಸ್ ಗೀಸರ್ ಹಾಕ್ಬಿಡಿ ಸಾರ್, ಬಾಡಿಗೆಯವ್ರಿಗೆ ಕರೆಂಟ್ ಬಿಲ್ ಕಮ್ಮಿ ಬರುತ್ತೆ" ಅನ್ನುತ್ತಾನೆ ಅವನು. "ಗ್ಯಾಸ್ ಬೇಡ, ಪೇಪರ್‌ನಲ್ಲಿ ಓದ್ತಾ ಇರ್ತೀವಲ್ಲ" ಅನ್ನುತ್ತಾರೆ ಮನೆಯಾಕೆ. ಇಬ್ಬರ ಮಾತೂ ನಿಜವೇ. ಆದರೆ ಎಷ್ಟು ಕಮ್ಮಿ, ಅಪಾಯ ಯಾಕೆ ಎಂದು ಯಾರೂ ಲೆಕ್ಕ ಹಾಕಿರುವುದಿಲ್ಲ. ಕೊನೆಗೆ ಅಂಗಡಿಯವನು ಅವತ್ತು ಯಾವುದಕ್ಕೆ ಡಿಸ್ಕೌಂಟ್ ಕೊಟ್ಟನೋ ಅದು ಗೋಡೆಗೆ ಏರುತ್ತದೆ.

ಸ್ವಂತ ಮನೆಯಲ್ಲಿ ಗೀಸರ್ ಹಾಕಿಸಿದವರೇ ಅದನ್ನು ಬಳಸುತ್ತಾರೆ. ಅದರ ಸ್ವಭಾವ ಅವರಿಗೆ ಗೊತ್ತು. ಬಾಡಿಗೆ ಮನೆಯ ಪರಿಸ್ಥಿತಿ ಬೇರೆ. ಆರಿಸುವವರು ಮಾಲೀಕರು, ಬಿಲ್ ಕಟ್ಟುವವರು ಬಾಡಿಗೆದಾರರು, ಒಂದೆರಡು ವರ್ಷಕ್ಕೆ ಜನ ಬದಲಾಗುತ್ತಾರೆ. ಮೊದಲನೆಯವರಿಗೆ ಹೇಳಿದ ಎಚ್ಚರಿಕೆ ಮೂರನೆಯವರ ಕಿವಿಗೆ ಬಿದ್ದಿರುವುದಿಲ್ಲ. ಹಾಗಾಗಿ ಇಲ್ಲಿ ಹಿಡಿಯಬೇಕಾದ ಅಳತೆ ಒಂದೇ: ಏನೂ ಗೊತ್ತಿಲ್ಲದ, ಹೊಸದಾಗಿ ಬಂದ ಮನುಷ್ಯನ ಕೈಯಲ್ಲೂ ಇದು ಸುರಕ್ಷಿತವಾಗಿ ಉಳಿಯುತ್ತದೆಯೇ? ಈ ಅಳತೆಯಲ್ಲಿ ನೋಡಿದರೆ ಬಹುಪಾಲು ಬಾಡಿಗೆ ಮನೆಗಳಿಗೆ ಸರಿಯಾದ ಉತ್ತರ ಟ್ಯಾಂಕ್ ಇರುವ ಕರೆಂಟ್ ಗೀಸರ್. ಗ್ಯಾಸ್ ಗೀಸರ್‌ಗೂ ಜಾಗ ಇದೆ, ಆದರೆ ಆ ಜಾಗ ಬಚ್ಚಲಿನ ಒಳಗಿಲ್ಲ.

ಗಾಳಿಯ ಲೆಕ್ಕ

ಮನೆಗಳಿಗೆ ಹಾಕುವ ಗ್ಯಾಸ್ ಗೀಸರ್ ಸಾಮಾನ್ಯವಾಗಿ ನಿಮಿಷಕ್ಕೆ 6 ಲೀಟರ್‌ನದು. ಗೋಡೆಯ ಮೇಲೆ ಪುಟ್ಟದಾಗಿ ಕಾಣುವ ಆ ಪೆಟ್ಟಿಗೆಯ ಬರ್ನರ್ 10ರಿಂದ 12 ಕಿಲೋವ್ಯಾಟ್ ಶಾಖ ಕೊಡುತ್ತದೆ. ಅಡುಗೆಮನೆಯ ದೊಡ್ಡ ಬರ್ನರ್‌ಗಳನ್ನು ನಾಲ್ಕೈದು ಸಾಲಾಗಿ ಇಟ್ಟು ಪೂರ್ತಿ ಉರಿಸಿದಷ್ಟು. ಗಂಟೆಗೆ 800ರಿಂದ 900 ಗ್ರಾಂ ಎಲ್‌ಪಿಜಿ ಸುಡುತ್ತದೆ.

ಒಂದು ಕಿಲೋ ಎಲ್‌ಪಿಜಿ ಸರಿಯಾಗಿ ಉರಿಯಲು ಸುಮಾರು 12ರಿಂದ 13 ಘನ ಮೀಟರ್ ಗಾಳಿ ಬೇಕು. ಬಾಡಿಗೆ ಮನೆಯ ಬಚ್ಚಲು ಎಷ್ಟಿರುತ್ತದೆ? ನಾಲ್ಕು ಅಡಿ ಅಗಲ, ಏಳು ಅಡಿ ಉದ್ದ, ಒಂಬತ್ತು ಅಡಿ ಎತ್ತರ ಅಂದರೆ ಏಳು ಘನ ಮೀಟರ್. ಹದಿನೈದು ನಿಮಿಷ ಗೀಸರ್ ಉರಿದರೆ 200 ಗ್ರಾಂ ಗ್ಯಾಸ್, ಅದಕ್ಕೆ ಎರಡೂವರೆ ಘನ ಮೀಟರ್ ಗಾಳಿ. ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚಿದ್ದರೆ ಒಂದು ಸ್ನಾನ ಮುಗಿಯುವುದರೊಳಗೆ ಆ ಕೋಣೆಯ ಆಮ್ಲಜನಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಖರ್ಚು. ಬೆಂಕಿ ಅಲ್ಲಿಯವರೆಗೂ ಕಾಯುವುದಿಲ್ಲ. 21ರಷ್ಟಿದ್ದ ಆಮ್ಲಜನಕದ ಶೇಕಡಾ ಪ್ರಮಾಣ ಎರಡು ಮೂರು ಅಂಶ ಇಳಿದರೆ ಸಾಕು, ಗ್ಯಾಸ್ ಅರೆಬರೆ ಉರಿಯಲು ಶುರುವಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಸುವುದಿಲ್ಲ. ನಮಗೆ ಪರಿಚಯವಿರುವ 'ಗ್ಯಾಸ್ ವಾಸನೆ' ಸೋರಿಕೆ ಗೊತ್ತಾಗಲೆಂದು ಸಿಲಿಂಡರ್‌ಗೆ ಬೆರೆಸಿದ ರಾಸಾಯನಿಕದ್ದು. ಗ್ಯಾಸ್ ಉರಿದ ಮೇಲೆ ಅದು ಉಳಿಯುವುದಿಲ್ಲ. "ವಾಸನೆ ಬಂದ್ರೆ ಆಫ್ ಮಾಡ್ತೀವಿ ಬಿಡಿ" ಎನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಲ್ಲಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಹೊಟ್ಟೆ ತೊಳಸು, ಕಾಲಲ್ಲಿ ಸೋಲು. ಬಿಸಿನೀರಿನ ಹಬೆಗೆ ತಲೆ ಸುತ್ತಿತು ಎಂದುಕೊಂಡು ಕೂರುವ ಮನುಷ್ಯನಿಗೆ ಎದ್ದು ಚಿಲಕ ತೆಗೆಯುವ ಶಕ್ತಿ ಇರುವುದಿಲ್ಲ. ಬದುಕಿ ಉಳಿದವರಲ್ಲೂ ನೆನಪು, ನಡಿಗೆ, ದೃಷ್ಟಿಗೆ ಪೆಟ್ಟು ಬೀಳುವುದುಂಟು. ನರರೋಗ ತಜ್ಞರ ನಡುವೆ ಇದಕ್ಕೆ 'ಗ್ಯಾಸ್ ಗೀಸರ್ ಸಿಂಡ್ರೋಮ್' ಎಂಬ ಹೆಸರೇ ಬಿದ್ದಿದೆ.

"ಕಿಟಕಿ ಇದೆಯಲ್ಲ" ಎಂದು ಮಾಲೀಕರು ಹೇಳುತ್ತಾರೆ. ಇದೆ. ಡಿಸೆಂಬರ್ ಚಳಿಗೆ ಅದರ ಗಾಜಿನ ಪಟ್ಟಿಗಳನ್ನು ಮುಚ್ಚುತ್ತಾರೆ. ಸೊಳ್ಳೆಗೆಂದು ಜಾಲರಿ ಹೊಡೆಸುತ್ತಾರೆ, ಅದರ ಮೇಲೆ ಧೂಳು ಮೆತ್ತುತ್ತದೆ. ಪಕ್ಕದ ಮನೆಯ ಕಿಟಕಿ ಮೂರಡಿ ದೂರದಲ್ಲಿ ಎದುರಾದರೆ ಮಾನಕ್ಕಂಜಿ ಪ್ಲಾಸ್ಟಿಕ್ ಶೀಟ್ ಅಂಟಿಸುತ್ತಾರೆ. ಇದರಲ್ಲಿ ಯಾವುದೂ ತಪ್ಪು ನಡತೆಯಲ್ಲ, ಯಾರಾದರೂ ಮಾಡುವಂಥದ್ದೇ. ಆದರೆ ಬಚ್ಚಲೊಳಗಿನ ಗ್ಯಾಸ್ ಗೀಸರ್ ಇಂಥ ಸಹಜ ನಡತೆಯನ್ನೂ ಕ್ಷಮಿಸುವುದಿಲ್ಲ. ಎಕ್ಸಾಸ್ಟ್ ಫ್ಯಾನ್ ಕೂಡ ಪೂರ್ತಿ ಪರಿಹಾರವಲ್ಲ. ಬಾಗಿಲ ಕೆಳಗೆ ಗಾಳಿ ಬರಲು ದಾರಿಯಿಲ್ಲದಿದ್ದರೆ ಫ್ಯಾನ್ ತಿರುಗುತ್ತದೆ, ಗಾಳಿ ಬದಲಾಗುವುದಿಲ್ಲ. ಕರೆಂಟ್ ಹೋದ ಹೊತ್ತಿನಲ್ಲಂತೂ ಫ್ಯಾನ್ ನಿಲ್ಲುತ್ತದೆ, ಸೆಲ್ ಹಾಕಿದ ಗೀಸರ್ ಉರಿಯುತ್ತಲೇ ಇರುತ್ತದೆ.

ಬಹಳ ಮಾಡೆಲ್‌ಗಳಲ್ಲಿ 20 ನಿಮಿಷಕ್ಕೆ ತಾನಾಗಿ ಆರುವ ಟೈಮರ್ ಇರುತ್ತದೆ. ಒಬ್ಬರ ಸ್ನಾನಕ್ಕೆ ಅದು ಒಂದು ಮಟ್ಟದ ಕಾವಲು. ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದರೆ ಎಣಿಕೆ ಮೊದಲಿನಿಂದ ಶುರು. ನೀರು ತುಂಬುವ ಹಬ್ಬದ ಮರುದಿನ ಬೆಳಗಿನ ಜಾವ ಮನೆಮಂದಿಯೆಲ್ಲ ಸಾಲಾಗಿ ಎಣ್ಣೆಸ್ನಾನ ಮಾಡುವಾಗ ಬಚ್ಚಲಿನ ಗಾಳಿ ಹೊಸದಾಗುವುದೇ ಇಲ್ಲ. ನಾಲ್ಕನೆಯವರು ಒಳಗೆ ಹೋಗುವ ಹೊತ್ತಿಗೆ ಹಿಂದಿನ ಮೂವರ ಹೊಗೆ ಅಲ್ಲೇ ನಿಂತಿರುತ್ತದೆ.

ಗ್ಯಾಸ್ ಹಾಕುವುದೇ ಆದರೆ

ಯುಟಿಲಿಟಿ ಬಾಲ್ಕನಿಯ ಒಂದು ಬದಿಯಾದರೂ ಬರೀ ಗ್ರಿಲ್ ಇದ್ದು ಬಯಲಿಗೆ ತೆರೆದಿದ್ದರೆ ಅಲ್ಲಿ ಹಾಕಬಹುದು. ಜಾರುವ ಗಾಜಿನ ಕಿಟಕಿ ಇದ್ದರೆ ಅದು ತೆರೆದ ಜಾಗವಲ್ಲ, ಯಾರೋ ಒಂದು ದಿನ ಮುಚ್ಚುತ್ತಾರೆ. ಗೀಸರ್‌ನ ಹೊಗೆ ಮೇಲೆ ಬರುವ ಜಾಗಕ್ಕೆ ಸರಿಯಾಗಿ ಬಚ್ಚಲಿನ ಅಥವಾ ಮಲಗುವ ಕೋಣೆಯ ವೆಂಟಿಲೇಟರ್ ಇರಬಾರದು. ಎರಡು ಮನೆಗಳ ನಡುವಿನ ಎರಡಡಿಯ ಡಕ್ಟ್‌ಗೆ ಮುಖ ಮಾಡಿಯೂ ಹಾಕಬೇಡಿ. ಕೆಳಮನೆಯ ಹೊಗೆ ಆ ಡಕ್ಟ್‌ನಲ್ಲಿ ಏರಿ ಮೇಲಿನ ಮೂರು ಮನೆಗಳ ಬಚ್ಚಲಿಗೆ ನುಗ್ಗುತ್ತದೆ, ಅವರಿಗೆ ಅದು ಎಲ್ಲಿಂದ ಬಂತೆಂಬುದೇ ತಿಳಿಯುವುದಿಲ್ಲ.

ಗೀಸರ್ ಮೇಲೆ ಐಎಸ್ 15558 ಎಂಬ ಗುಣಮಟ್ಟದ ಗುರುತು ನೋಡಿ ಕೊಳ್ಳಿ. ಅಡುಗೆಮನೆಯ ಸಿಲಿಂಡರ್‌ಗೆ ಟೀ ಜಾಯಿಂಟ್ ಹಾಕಿ ಎರಡು ಕಡೆಗೆ ಪೈಪ್ ಎಳೆಯುವುದು ಇಲ್ಲಿ ಅತಿ ಸಾಮಾನ್ಯವಾದ ಕೆಟ್ಟ ಅಭ್ಯಾಸ. ಗೀಸರ್‌ಗೆ ಬೇರೆ ಸಿಲಿಂಡರ್, ಬೇರೆ ರೆಗ್ಯುಲೇಟರ್ ಇರಲಿ. ಪೈಪ್ ಕಿತ್ತಳೆ ಬಣ್ಣದ, ಒಳಗೆ ತಂತಿ ಹೆಣೆದ ಸುರಕ್ಷಾ ಪೈಪ್ ಆಗಿರಬೇಕು, ಒಂದೂವರೆ ಮೀಟರ್ ಮೀರಬಾರದು, ಐದು ವರ್ಷಕ್ಕೆ ಬದಲಾಯಿಸಬೇಕು. ದೂರ ಜಾಸ್ತಿಯಿದ್ದರೆ ತಾಮ್ರದ ಪೈಪ್ ಎಳೆಸಿ, ಗೋಡೆಯೊಳಗೆ ರಬ್ಬರ್ ಪೈಪ್ ತೂರಿಸಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಸಂಪಿನ ಮುಚ್ಚಳ, ಚರಂಡಿ ಜಾಲರಿಯ ಪಕ್ಕ ಸಿಲಿಂಡರ್ ಇಡಬಾರದು. ಕೊಳವೆ ಗ್ಯಾಸ್ ಬಂದಿರುವ ಬಡಾವಣೆಗಳಲ್ಲಿ ಎಲ್‌ಪಿಜಿ ಗೀಸರನ್ನು ಹಾಗೇ ಜೋಡಿಸಿದರೆ ಉರಿ ಸಣ್ಣದಾಗುತ್ತದೆ. ಕೊಳವೆಯಲ್ಲಿ ಬರುವುದು ಮೀಥೇನ್, ಅಷ್ಟೇ ಪ್ರಮಾಣದ ಅನಿಲದಲ್ಲಿ ಎಲ್‌ಪಿಜಿಯ ಅರ್ಧಕ್ಕಿಂತ ಕಡಿಮೆ ಶಾಖ. ಜೆಟ್ (ಗ್ಯಾಸ್ ಹೊರಬರುವ ಸಣ್ಣ ತೂತಿನ ಭಾಗ) ಬದಲಾಯಿಸಬೇಕು, ಅದನ್ನು ಕಂಪನಿಯ ಮೆಕ್ಯಾನಿಕ್ ಮಾಡಬೇಕು.

ಇನ್ನೊಂದು ತೊಂದರೆ ಮೇಲಿನ ಮಹಡಿಯವರದು. ನೀರಿನ ಒತ್ತಡ ಒಳಗಿನ ಡಯಾಫ್ರಮ್ ತಳ್ಳಿದರೆ ಮಾತ್ರ ಗ್ಯಾಸ್ ಗೀಸರ್ ಹೊತ್ತಿಕೊಳ್ಳುತ್ತದೆ. ಅದಕ್ಕೆ ಸಾಮಾನ್ಯವಾಗಿ 0.2ರಿಂದ 0.3 ಬಾರ್ ಬೇಕು, ಅಂದರೆ ಗೀಸರ್‌ಗಿಂತ ಎರಡು ಮೂರು ಮೀಟರ್ ಮೇಲೆ ಟ್ಯಾಂಕಿನ ನೀರು ಇರಬೇಕು. ಟೆರೇಸಿನ ಮೇಲೆ ನೇರ ಕೂರಿಸಿದ ಟ್ಯಾಂಕಿನಿಂದ ಅದರ ಕೆಳಗಿನ ಮನೆಗೆ ಇಷ್ಟು ಒತ್ತಡ ಸಿಗುವುದು ಕಷ್ಟ. ಟ್ಯಾಂಕ್ ತುಂಬಿದಾಗ ಹೊತ್ತುತ್ತದೆ, ಅರ್ಧ ಖಾಲಿಯಾದಾಗ ಆರುತ್ತದೆ. ಬಾಡಿಗೆದಾರರು ಗೀಸರ್ ಕೆಟ್ಟಿದೆ ಎಂದು ಫೋನ್ ಮಾಡುತ್ತಾರೆ, ಮೆಕ್ಯಾನಿಕ್ ಬಂದಾಗ ಸರಿಯಾಗಿರುತ್ತದೆ. ಸ್ಟ್ಯಾಂಡ್ ಹಾಕಿ ಟ್ಯಾಂಕ್ ಎತ್ತರಿಸುವುದು ಅಥವಾ ಸಣ್ಣ ಪ್ರೆಷರ್ ಪಂಪ್ ಹಾಕುವುದು ಇದಕ್ಕೆ ದಾರಿ. ಒತ್ತಡ ಸರಿಯಿದ್ದೂ ಹೊತ್ತದಿದ್ದರೆ ಮೊದಲು ಎರಡು ದಪ್ಪ ಸೆಲ್ ಬದಲಾಯಿಸಿ ನೋಡಿ.

ಉರಿ ನೀಲಿಯಿರಬೇಕು. ಹಳದಿ ಕಂಡರೆ, ಮೇಲಿನ ತಗಡಿಗೆ ಮಸಿ ಹಿಡಿದರೆ, ಹೊತ್ತುವಾಗ 'ಧಬ್' ಎಂದು ಸದ್ದಾದರೆ ಬರ್ನರ್‌ನಲ್ಲಿ ಧೂಳೋ ಜೇಡರ ಬಲೆಯೋ ಕೂತಿದೆ, ಇಲ್ಲವೇ ತಾಮ್ರದ ಕಾಯಿಲ್‌ನ ರೆಕ್ಕೆಗಳ ಸಂದು ಕಟ್ಟಿದೆ ಎಂದರ್ಥ. ಸರ್ವಿಸ್ ಆಗುವ ತನಕ ಬಳಸಬಾರದು.

ದುಡ್ಡಿನ ಲೆಕ್ಕ

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 1.16 ವ್ಯಾಟ್-ಗಂಟೆ ಬೇಕು. ಇದು ಗ್ಯಾಸಿಗೂ ಒಂದೇ, ಕರೆಂಟಿಗೂ ಒಂದೇ. ಟ್ಯಾಂಕಿನ ನೀರು 22 ಡಿಗ್ರಿ, ಸ್ನಾನದ ನೀರು 40 ಡಿಗ್ರಿ, ಬಕೆಟ್ 20 ಲೀಟರ್ ಎಂದುಕೊಂಡರೆ ಬಕೆಟ್ಟಿಗೆ 0.42 ಯೂನಿಟ್ (ಸಾವಿರ ವ್ಯಾಟ್-ಗಂಟೆಗೆ ಒಂದು ಯೂನಿಟ್) ಶಾಖ ಬೇಕು.

ಕರೆಂಟ್ ಗೀಸರ್‌ನಲ್ಲಿ ಟ್ಯಾಂಕ್ ತಣಿಯುವುದು, ಪೈಪಿನಲ್ಲಿ ಉಳಿಯುವುದು ಸೇರಿ ನಿಜವಾಗಿ ಸುಮಾರು 0.49 ಯೂನಿಟ್ ಎಳೆಯುತ್ತದೆ. ತೆರಿಗೆ, ಸರ್‌ಚಾರ್ಜ್ ಸೇರಿಸಿ ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ಬಕೆಟ್ಟಿಗೆ 3 ರೂಪಾಯಿ 45 ಪೈಸೆ. ಒಂದು ಕಿಲೋ ಎಲ್‌ಪಿಜಿಯಲ್ಲಿ 12.8 ಯೂನಿಟ್ಟಿನಷ್ಟು ಶಾಖವಿದೆ, ಅದರಲ್ಲಿ ಹತ್ತು ಯೂನಿಟ್ ನೀರಿಗೆ ಸೇರುತ್ತದೆ. ಬಕೆಟ್ಟಿಗೆ 42 ಗ್ರಾಂ. 14.2 ಕಿಲೋ ಸಿಲಿಂಡರ್‌ಗೆ 900 ರೂಪಾಯಿ ಎಂದುಕೊಂಡರೆ 2 ರೂಪಾಯಿ 65 ಪೈಸೆ. ನಿಮ್ಮ ಊರಿನ ದರ ಹಾಕಿ ಇದೇ ಲೆಕ್ಕ ಮಾಡಬಹುದು.

ಅಂತೂ ವ್ಯತ್ಯಾಸ ಬಕೆಟ್ಟಿಗೆ 80 ಪೈಸೆ. ದಿನಕ್ಕೆ ಐದು ಬಕೆಟ್ ಬಳಸುವ ಸಂಸಾರಕ್ಕೆ ತಿಂಗಳಿಗೆ 120 ರೂಪಾಯಿ. ಅದರಲ್ಲಿ ಸೆಲ್, ವರ್ಷದ ಸರ್ವಿಸ್, ಎರಡು ತಿಂಗಳಿಗೊಮ್ಮೆ ಇನ್ನೊಂದು ಸಿಲಿಂಡರ್ ಬುಕ್ ಮಾಡಿ ಮಹಡಿ ಹತ್ತಿಸುವ ಪಾಡು ಕಳೆಯಿರಿ. 'ಗ್ಯಾಸ್ ಅರ್ಧಕ್ಕರ್ಧ ಅಗ್ಗ' ಎಂಬ ಮಾತಿಗೆ ಈಗಿನ ದರದಲ್ಲಿ ಆಧಾರವಿಲ್ಲ. ಊರಿಂದೂರಿಗೆ ವರ್ಗವಾಗಿ ಬಂದ ಬಾಡಿಗೆದಾರರಿಗೆ ಎರಡನೇ ಸಿಲಿಂಡರ್ ಹೊಂದಿಸುವುದೇ ಒಂದು ಓಡಾಟ.

ಕರ್ನಾಟಕದಲ್ಲಿ ಈ ಲೆಕ್ಕವನ್ನು ತಿರುಚುವ ಸಂಗತಿ ಒಂದಿದೆ, ಗೃಹಜ್ಯೋತಿ. 2022-23ರ ಸರಾಸರಿ ಬಳಕೆಗೆ ಶೇಕಡಾ 10 (ಕಡಿಮೆ ಬಳಕೆಯವರಿಗೆ 10 ಯೂನಿಟ್) ಸೇರಿಸಿ, 200 ಯೂನಿಟ್ ಮಿತಿಯೊಳಗೆ ಉಚಿತ. ತನಗೆ ಸಿಕ್ಕ ಮಿತಿ ದಾಟಿದರೆ ದಾಟಿದ್ದಕ್ಕಷ್ಟೇ ಹಣ, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹಿಂದಿನ ಬಳಕೆಯ ದಾಖಲೆಯಿಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53ರ ಮೇಲೆ ಲೆಕ್ಕ ಹಾಕಿ 58 ಯೂನಿಟ್. ಐದು ಬಕೆಟ್ಟಿನ ಗೀಸರ್ ತಿಂಗಳಿಗೆ ಸುಮಾರು 75 ಯೂನಿಟ್ ತಿನ್ನುತ್ತದೆ. ಫ್ರಿಜ್, ವಾಷಿಂಗ್ ಮಷೀನ್, ಟಿವಿ ಸೇರಿ 130 ಯೂನಿಟ್ ಬಳಸುವ ಮನೆ ಗೀಸರ್‌ನಿಂದಾಗಿ 205ಕ್ಕೆ ಏರಿದರೆ ಸಾವಿರದ ನಾನೂರಕ್ಕೂ ಮೇಲ್ಪಟ್ಟ ಬಿಲ್ ಕೈಗೆ ಬರುತ್ತದೆ. ಬಾಡಿಗೆದಾರರು "ಗ್ಯಾಸ್ ಹಾಕಿಸಿ ಕೊಡಿ" ಎಂದು ಕೇಳುವುದರ ಹಿಂದೆ ಬಹಳ ಸಲ ಇರುವುದು ಈ 200ರ ಗೆರೆ. ಅವರ ಕಷ್ಟ ನಿಜವಾದದ್ದು, ತಳ್ಳಿಹಾಕುವಂಥದ್ದಲ್ಲ. ಅದಕ್ಕೆ ಥರ್ಮೋಸ್ಟಾಟ್ (ನೀರು ಎಷ್ಟು ಕಾಯಬೇಕೆಂದು ನಿಗದಿ ಮಾಡುವ ಭಾಗ) ಇಳಿಸುವುದು, ಬೇಕಾದಾಗ ಮಾತ್ರ ಸ್ವಿಚ್ ಹಾಕುವುದು, ಮಾಳಿಗೆಯಲ್ಲಿ ಸೋಲಾರ್ ಇದ್ದರೆ ಬೇಸಿಗೆ ತಿಂಗಳುಗಳಲ್ಲಿ ಗೀಸರ್ ಮುಟ್ಟದಿರುವುದು ಮೊದಲ ದಾರಿಗಳು. ಇಪ್ಪತ್ನಾಲ್ಕು ಗಂಟೆ ಸ್ವಿಚ್ ಹಾಕಿಯೇ ಬಿಟ್ಟರೆ ಯಾರೂ ಸ್ನಾನ ಮಾಡದಿದ್ದರೂ ದಿನಕ್ಕೆ ಅರ್ಧ ಯೂನಿಟ್ಟಿನ ಆಸುಪಾಸು ಹೋಗುತ್ತದೆ. ಎರಡು ಸಂಸಾರಕ್ಕೆ ಒಂದೇ ಮೀಟರ್ ಇಟ್ಟು 'ಸಬ್ ಮೀಟರ್ ನೋಡಿ ಕೊಡಿ' ಎನ್ನುವ ಕಟ್ಟಡಗಳಲ್ಲಿ ಈ ಗೆರೆ ಇನ್ನೂ ಬೇಗ ದಾಟುತ್ತದೆ. ಮನೆಗೊಂದು ಮೀಟರ್ ಹಾಕಿಸಿಕೊಡುವುದು ಮಾಲೀಕರ ಕರ್ತವ್ಯ ಎಂದೇ ನಮ್ಮ ಅಭಿಪ್ರಾಯ.

ಕರೆಂಟ್ ಗೀಸರ್‌ನ ಸುರಕ್ಷತೆ ಗೋಡೆಯಲ್ಲಿದೆ

ಕರೆಂಟಿನಲ್ಲೂ ಜೀವಕ್ಕೆ ಅಪಾಯವಿದೆ. ವ್ಯತ್ಯಾಸ ಏನೆಂದರೆ ಇಲ್ಲಿ ರಕ್ಷಣೆಗೆ ಒಮ್ಮೆ ದುಡ್ಡು ಹಾಕಿದರೆ ಅದು ಮೀಟರ್ ಬೋರ್ಡ್‌ನಲ್ಲಿ, ಗೋಡೆಯ ವೈರ್‌ನಲ್ಲಿ ಕೂತು ಬಂದುಹೋಗುವ ಎಲ್ಲ ಬಾಡಿಗೆದಾರರನ್ನೂ ಕಾಯುತ್ತದೆ. ಯಾರ ನೆನಪಿನ ಮೇಲೂ ನಿಲ್ಲಬೇಕಿಲ್ಲ.

2 ಕಿಲೋವ್ಯಾಟ್ ಗೀಸರ್ 8.7 ಆಂಪಿಯರ್ ಎಳೆಯುತ್ತದೆ, 3 ಕಿಲೋವ್ಯಾಟ್‌ನದು 13. ಮೀಟರ್ ಬೋರ್ಡ್‌ನಿಂದ ಗೀಸರ್‌ಗೆಂದೇ ಪ್ರತ್ಯೇಕ ಲೈನ್ ಬರಬೇಕು. 2 ಕಿಲೋವ್ಯಾಟಿಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರ್, 16 ಆಂಪಿಯರ್ ಎಂಸಿಬಿ (ಲೋಡ್ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಸಾಕು. ಆದರೂ 4 ಚದರ ಮಿಲಿಮೀಟರ್ ಎಳೆಸಿಬಿಡಿ, ನಾಳೆ ಬರುವವರು 3 ಕಿಲೋವ್ಯಾಟ್‌ನದ್ದನ್ನು ತಂದು ತೂಗಿಹಾಕಿದರೂ ವೈರ್ ತಾಳುತ್ತದೆ. ಹಳೆಯ ಮನೆಗಳಲ್ಲಿ ಬಚ್ಚಲಿನ ಬಲ್ಬಿಗೆ ಬಂದ ಸಣ್ಣ ವೈರ್‌ನಿಂದಲೇ ಗೀಸರ್ ಪಾಯಿಂಟ್ ತೆಗೆದಿರುತ್ತಾರೆ. ಗೋಡೆಯೊಳಗೆ ಅದರ ಹೊದಿಕೆ ವರ್ಷಗಟ್ಟಲೆ ಬೆಂದು ಪುಡಿಯಾಗುತ್ತದೆ. ಪ್ಲಗ್ಗಿನ ಪಿನ್ ಕಪ್ಪಗಾಗಿ ಸಾಕೆಟ್ ಕರಗಿದ್ದರೆ ಕಾರಣ ಬಹುತೇಕ ಸಡಿಲ ಸ್ಕ್ರೂ. ಸಾಕೆಟ್ಟಿನ ಜೊತೆಗೆ ಒಳಗಿನ ಸುಟ್ಟ ವೈರ್ ತುದಿಯನ್ನೂ ಕತ್ತರಿಸಿ ಹೊಸದಾಗಿ ಬಿಗಿಯಬೇಕು. ಇಂಡಿಕೇಟರ್ ದೀಪವಿರುವ 20 ಆಂಪಿಯರ್ ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) ಸ್ವಿಚ್ ಬಚ್ಚಲ ಹೊರಗೆ ಇರಲಿ.

ಆರ್‌ಸಿಸಿಬಿ, 30 ಮಿಲಿಆಂಪಿಯರ್‌ನದು, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್, ಬಿಟ್ಟುಬಿಡುವ ಮಾತೇ ಇಲ್ಲ. ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯನನ್ನು ಕಾಯುವುದು ಇದು. ನೀರು ಕಾಯಿಸುವ ಎಲಿಮೆಂಟ್ ಸೀಳಿ ನೀರಿಗೆ ಕರೆಂಟ್ ಸೋರಿದ ಕ್ಷಣವೇ ಇದು ಟ್ರಿಪ್ ಆಗುತ್ತದೆ. ಆಗ ಕೆಲವು ಎಲೆಕ್ಟ್ರಿಷಿಯನ್‌ಗಳು "ಇದೇ ಕಿರಿಕಿರಿ" ಎಂದು ಅದನ್ನು ಬೈಪಾಸ್ ಮಾಡಿಕೊಟ್ಟು ಹೋಗುತ್ತಾರೆ. ಅಂಥವರನ್ನು ಮತ್ತೆ ಮನೆಗೆ ಕರೆಯಬಾರದು. ಆರ್‌ಸಿಸಿಬಿಯ ಟೆಸ್ಟ್ ಬಟನ್ ಮೂರು ತಿಂಗಳಿಗೊಮ್ಮೆ ಒತ್ತಿ ನೋಡಲು ಹೇಳಿ.

ಅರ್ತ್ (ಸೋರಿದ ಕರೆಂಟನ್ನು ನೆಲಕ್ಕೆ ಸಾಗಿಸುವ ವೈರ್) ಬಗ್ಗೆ ಎರಡು ಮಾತು. ಮೂರನೇ ಪಿನ್ ಇದೆ ಎಂದ ಮಾತ್ರಕ್ಕೆ ಅರ್ತ್ ಇದೆ ಎಂದಲ್ಲ. ಅರ್ತ್ ಗುಂಡಿಯೇ ಇಲ್ಲದ ಮನೆಯಲ್ಲಿ ನ್ಯೂಟ್ರಲ್‌ನಿಂದ ಒಂದು ತುಂಡು ವೈರ್ ತೆಗೆದು ಅರ್ತ್ ಪಿನ್ನಿಗೆ ಸಿಕ್ಕಿಸಿರುತ್ತಾರೆ. ಹೊರಗೆ ಕಂಬದ ನ್ಯೂಟ್ರಲ್ ಕಿತ್ತುಹೋದ ದಿನ ಗೀಸರ್ ಮೈ, ನಲ್ಲಿ, ಶವರ್ ಎಲ್ಲವೂ ಜೀವಂತ ವೈರ್ ಆಗುತ್ತವೆ. ಮೀಟರ್ ಹಿಡಿದು ಫೇಸ್-ಅರ್ತ್ ನಡುವೆ 230 ವೋಲ್ಟ್ ತೋರಿಸಿದರೂ ಪೂರ್ತಿ ನಂಬುವಂತಿಲ್ಲ, ಕೂದಲೆಳೆಯಷ್ಟು ವೈರ್ ಅಂಟಿಕೊಂಡಿದ್ದರೂ ಅಷ್ಟು ತೋರಿಸುತ್ತದೆ. ಒಳ್ಳೆಯ ಎಲೆಕ್ಟ್ರಿಷಿಯನ್ ಆರ್‌ಸಿಸಿಬಿಗಿಂತ ಮುಂಚಿನ ಜಾಗದಲ್ಲಿ ಫೇಸ್-ಅರ್ತ್ ನಡುವೆ 100 ವ್ಯಾಟ್ ಬಲ್ಬ್ ಹಾಕಿ ಅದು ಪೂರ್ತಿ ಬೆಳಗುತ್ತದೆಯೇ ಎಂದು ನೋಡುತ್ತಾನೆ. ಈ ಕೆಲಸ ಅವನೇ ಮಾಡಬೇಕು.

ಒಂದರಿಂದ ಎರಡು ಕಿಲೋವ್ಯಾಟ್ ಸ್ಯಾಂಕ್ಷನ್ ಲೋಡ್ (ಮನೆಗೆ ಮಂಜೂರಾದ ವಿದ್ಯುತ್ ಮಿತಿ) ಇರುವ ಹಳೇ ಮನೆಯಾದರೆ ಲೋಡ್ ಹೆಚ್ಚಿಸಲು ಅರ್ಜಿ ಹಾಕಿ. ಹಳ್ಳಿಯ ಲೈನ್ ಕೊನೆಯಲ್ಲಿ ವೋಲ್ಟೇಜ್ 180ಕ್ಕೆ ಇಳಿಯುವ ಕಡೆ 2 ಕಿಲೋವ್ಯಾಟ್ ಗೀಸರ್ 1.2 ಕಿಲೋವ್ಯಾಟ್‌ನಷ್ಟೇ ಕೆಲಸ ಮಾಡುತ್ತದೆ. ಬಿಸಿಯಾಗಲು ತಡವಾದರೆ ಗೀಸರನ್ನು ದೂರಬೇಡಿ.

ಎಷ್ಟು ಲೀಟರ್, ಎಂಥ ನೀರು

60 ಡಿಗ್ರಿಯ 15 ಲೀಟರ್ ನೀರಿಗೆ 20 ಡಿಗ್ರಿಯ ತಣ್ಣೀರು ಬೆರೆಸಿದರೆ 40 ಡಿಗ್ರಿಯ 30 ಲೀಟರ್ ಸಿಗುತ್ತದೆ, ಅಂದರೆ ಒಂದೂವರೆ ಬಕೆಟ್. ಮತ್ತೆ ಕಾಯಲು 2 ಕಿಲೋವ್ಯಾಟ್‌ನಲ್ಲಿ 21 ನಿಮಿಷ. 25 ಲೀಟರ್‌ನದ್ದಾದರೆ ಎರಡೂವರೆ ಬಕೆಟ್, 35 ನಿಮಿಷ. ಒಂದು ಬೆಡ್‌ರೂಮಿನ ಮನೆಗೆ 15, ಶಾಲೆಗೆ ಹೋಗುವ ಮಕ್ಕಳಿರುವ ಎರಡು ಬೆಡ್‌ರೂಮಿನ ಮನೆಗೆ 25 ಸರಿಹೋಗುತ್ತದೆ. 3 ಲೀಟರ್‌ನ ಇನ್‌ಸ್ಟಂಟ್ ಗೀಸರ್ ಅಗ್ಗವೆಂದು ಬಾಡಿಗೆ ಮನೆಗೆ ಹಾಕುವುದುಂಟು. 3 ಕಿಲೋವ್ಯಾಟ್‌ನಲ್ಲಿ ಅದು ನಿಮಿಷಕ್ಕೆ ಎರಡು ಲೀಟರ್ ಚಿಲ್ಲರೆ ಮಾತ್ರ ಸ್ನಾನದ ಬಿಸಿಗೆ ತರಬಲ್ಲದು, ಒಂದು ಬಕೆಟ್ಟಿಗೆ ಒಂಬತ್ತು ನಿಮಿಷ. ನಲ್ಲಿ ಪೂರ್ತಿ ತಿರುಗಿಸಿದವರಿಗೆ ಉಗುರುಬೆಚ್ಚಗಿನ ನೀರು. ಕೈ ತೊಳೆಯುವ ಸಿಂಕಿಗೆ ಅದು ಸಾಕು, ಬಚ್ಚಲಿಗೆ ಸಾಲದು.

ಕಾವೇರಿ ನೀರು ಬರುವ ಬಡಾವಣೆಯಲ್ಲಿ ಎಂಟು ಹತ್ತು ವರ್ಷ ಬಾಳುವ ಗೀಸರ್ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಮನೆಯಲ್ಲಿ ಮೂರು ವರ್ಷಕ್ಕೇ ಸೋರಬಹುದು. ಗಡಸು ನೀರಿನ ಸುಣ್ಣ 60 ಡಿಗ್ರಿ ದಾಟಿದ ಮೇಲೆ ಬೇಗ ಕೂರುತ್ತದೆ. ಎಲಿಮೆಂಟಿನ ಸುತ್ತ ಗಟ್ಟಿ ಪದರ ಕಟ್ಟಿದಾಗ ಶಾಖ ನೀರಿಗೆ ದಾಟದೆ ಎಲಿಮೆಂಟ್ ತಾನೇ ಕಾದು ಸೀಳುತ್ತದೆ. ಗೀಸರ್ ಕಾಯುವಾಗ ಚಟಪಟ, ಗೊರಗೊರ ಸದ್ದು ಬಂದರೆ ಸುಣ್ಣ ಕಟ್ಟಿದೆ ಎಂದು ತಿಳಿಯಿರಿ. ಇಂಥ ಕಡೆ ಗಾಜಿನ ಲೇಪದ ಟ್ಯಾಂಕ್ ಕೊಳ್ಳಿ, ಥರ್ಮೋಸ್ಟಾಟ್ 50-55ಕ್ಕೆ ಇಳಿಸಿ, ಒಳಗಿನ ಮೆಗ್ನೀಸಿಯಂ ರಾಡ್ ವರ್ಷಕ್ಕೊಮ್ಮೆ ತೆಗೆಸಿ ನೋಡಿ. ಟ್ಯಾಂಕಿನ ಬದಲು ತಾನು ಸವೆಯುವುದೇ ಆ ರಾಡಿನ ಕೆಲಸ. ಪೆನ್ಸಿಲಿನಷ್ಟು ತೆಳ್ಳಗಾಗಿದ್ದರೆ ಬದಲಾಯಿಸಿ. ಸಣ್ಣ ಖರ್ಚಿನ ಈ ರಾಡನ್ನು ಮರೆತವರು ಇಡೀ ಗೀಸರ್ ಬದಲಾಯಿಸುತ್ತಾರೆ. ಗ್ಯಾಸ್ ಗೀಸರ್ ಹಾಕಿದರೂ ಗಡಸು ನೀರಿನ ಕಾಟ ತಪ್ಪದು, ಅದರ ತಾಮ್ರದ ಕಾಯಿಲ್ ಇನ್ನೂ ಸಣ್ಣದಾದ್ದರಿಂದ ಇನ್ನೂ ಬೇಗ ಕಟ್ಟುತ್ತದೆ.

ಗೀಸರ್ ಕೆಳಗಿನ ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತಿದೆ ಎಂಬುದು ಬಾಡಿಗೆದಾರರ ಸಾಮಾನ್ಯ ದೂರು. 20ರಿಂದ 60 ಡಿಗ್ರಿಗೆ ಕಾದ 25 ಲೀಟರ್ ನೀರು ಸುಮಾರು 400 ಮಿಲಿಲೀಟರ್ ಹಿಗ್ಗುತ್ತದೆ. ಆ ನೀರು ಹೊರಬರಲೇಬೇಕು. ಕಾಯುವಾಗ ಮಾತ್ರ ಹನಿ ಬೀಳುತ್ತಿದ್ದರೆ ವಾಲ್ವ್ ಚೆನ್ನಾಗಿದೆ ಎಂದರ್ಥ, ಒಂದು ಸಣ್ಣ ಪೈಪ್ ಹಾಕಿ ನೆಲಕ್ಕೆ ಬಿಡಿ. ಆ ತೂತಿಗೆ ಎಂ-ಸೀಲ್ ಮೆತ್ತಿದ ಗೀಸರ್ ಕಂಡರೆ ಕೂಡಲೇ ಸ್ವಿಚ್ ಆಫ್ ಮಾಡಿ. ಥರ್ಮೋಸ್ಟಾಟ್ ಕೈಕೊಟ್ಟ ದಿನ ಅದು ಸಿಡಿಯುತ್ತದೆ. ಬಿಸಿನೀರಿಗೆ ಬಿಸಿ ತಾಳುವ ಸಿಪಿವಿಸಿ ಪೈಪ್ ಬೇಕು, ಮಾಮೂಲಿ ಬಿಳಿ ಪಿವಿಸಿ 60 ಡಿಗ್ರಿಯಲ್ಲಿ ಮೆತ್ತಗಾಗಿ ಜಾಯಿಂಟ್ ಬಿಡುತ್ತದೆ.

ಸೋಲಾರ್ ವಿಚಾರಕ್ಕೆ ಬಂದರೆ, ಬೆಂಗಳೂರಿನಲ್ಲಿ ನಿಗದಿತ ಅಳತೆಯ ಮೇಲಿನ ಹೊಸ ಮನೆಗಳಿಗೆ ಅದು ಹೇಗೂ ಕಡ್ಡಾಯ. ಮೂರು ಮಹಡಿಯ ಕಟ್ಟಡದಲ್ಲಿ ತೊಂದರೆ ಕೆಳಮನೆಯವರಿಗೆ: 25 ಮೀಟರ್ ಮುಕ್ಕಾಲು ಇಂಚಿನ ಪೈಪಿನಲ್ಲಿ ಆರೇಳು ಲೀಟರ್ ತಣ್ಣೀರು ನಿಂತಿರುತ್ತದೆ, ಪ್ರತಿ ಸಲವೂ ಅಷ್ಟು ಹರಿದ ಮೇಲೆಯೇ ಬಿಸಿನೀರು. ಸೋಲಾರ್ ಟ್ಯಾಂಕಿನ ಕರೆಂಟ್ ಎಲಿಮೆಂಟ್ ಕಾಮನ್ ಮೀಟರಿಗೆ ಸೇರಿದ್ದರೆ ಜಗಳ ಗ್ಯಾರಂಟಿ. ಪ್ರತಿ ಮನೆಗೂ ಅವರವರ ಮೀಟರಿನ 15 ಲೀಟರ್ ಗೀಸರ್ ಕೊಟ್ಟು, ಸೋಲಾರ್ ಬೇಕೋ ಗೀಸರ್ ಬೇಕೋ ಎಂದು ತಿರುಗಿಸಲು ಎರಡು ವಾಲ್ವ್ ಇಡುವುದು ಒಳ್ಳೆಯದು. ಪಿಜಿ ನಡೆಸುವವರು ಮನೆಬಳಕೆಯ ಸಿಲಿಂಡರ್ ಬಳಸುವಂತಿಲ್ಲ, 19 ಕಿಲೋ ವಾಣಿಜ್ಯ ಸಿಲಿಂಡರೇ ಬೇಕು. ದರ ಹೆಚ್ಚು. ದಿನಕ್ಕೆ ನೂರಾರು ಲೀಟರ್ ಬೇಕಾದ ಕಡೆ ಒಂದು ಯೂನಿಟ್ ಕರೆಂಟಿನಿಂದ ಮೂರು ಯೂನಿಟ್ಟಿನಷ್ಟು ಶಾಖ ತರುವ ಹೀಟ್ ಪಂಪ್ ಮೊದಲು ದುಬಾರಿ ಕಂಡರೂ ಗಿಟ್ಟುತ್ತದೆ.

ಕರಾರು, ಮತ್ತು ಕರಾರಿನಲ್ಲಿ ಬರೆಯಲಾಗದ್ದು

ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯಲ್ಲಿ ವೈರಿಂಗ್ ಮಾಲೀಕರ ಪಾಲಿಗೆ, ಗೀಸರ್ ರಿಪೇರಿ ಬಾಡಿಗೆದಾರರ ಪಾಲಿಗೆ ಬಂದಿದೆ. ಕರಾರಿನಲ್ಲಿ ಬೇರೇನೂ ಬರೆಯದಿದ್ದರೆ ಇದು ಒಪ್ಪಬಹುದಾದ ಹಂಚಿಕೆ. ಆದರೆ ಗ್ಯಾಸ್ ಗೀಸರ್‌ನ ಸರ್ವಿಸನ್ನು ಬಾಡಿಗೆದಾರರಿಗೆ ಬಿಡುವುದನ್ನು ನಾವು ಒಪ್ಪುವುದಿಲ್ಲ. ಹನ್ನೊಂದು ತಿಂಗಳಿಗೆ ಬಂದವರು ಇನ್ನೊಬ್ಬರ ಯಂತ್ರದ ಬರ್ನರ್ ಬಿಚ್ಚಿಸಿ ತೊಳೆಸುತ್ತಾರೆ ಎಂದು ನಂಬಿ ಕೂರಲಾಗದು. ಮಾಲೀಕರೇ ವರ್ಷಕ್ಕೊಮ್ಮೆ ಮಾಡಿಸಿ ಬಿಲ್ ಇಟ್ಟುಕೊಳ್ಳಲಿ. ಜೊತೆಗೆ, ಬಚ್ಚಲೊಳಗೆ ಗ್ಯಾಸ್ ಗೀಸರ್ ಹಾಕಿಕೊಳ್ಳುವಂತಿಲ್ಲ ಎಂಬ ಒಂದು ಸಾಲು ಕರಾರಿನಲ್ಲಿ ಇರಲಿ. ಏನನ್ನೂ ಹಾಕಿಕೊಡದ ಮನೆಗಳಲ್ಲೇ ಈ ಅಪಾಯ ಹೆಚ್ಚು: ಬಂದವರು ತಾವೇ ಒಂದು ಗ್ಯಾಸ್ ಗೀಸರ್ ತಂದು ಮೊಳೆ ಹೊಡೆಯುತ್ತಾರೆ, ಇಲ್ಲವೇ ಬಕೆಟ್ಟಿಗೆ ಹೀಟರ್ ರಾಡ್ ಇಳಿಬಿಡುತ್ತಾರೆ.

ಹೊಸಬರು ಬಂದ ದಿನ ಗೀಸರ್ ಬಿಸಿನೀರಿನ ನಲ್ಲಿ ತಿರುಗಿಸಿ ನೀರು ಧಾರೆಯಾಗಿ ಬಂದ ಮೇಲೆಯೇ ಸ್ವಿಚ್ ಹಾಕಲು ತೋರಿಸಿಕೊಡಿ. ಖಾಲಿ ಟ್ಯಾಂಕಿಗೆ ಸ್ವಿಚ್ ಹಾಕಿದರೆ ಎಲಿಮೆಂಟ್ ನಿಮಿಷಗಳಲ್ಲಿ ಸುಡುತ್ತದೆ.

ಈಗಾಗಲೇ ಬಚ್ಚಲೊಳಗೆ ಗ್ಯಾಸ್ ಗೀಸರ್ ಇರುವ ಮನೆಗೆ ಬಾಡಿಗೆಗೆ ಹೋಗಿದ್ದರೆ, ಅದನ್ನು ಹೊರಗೆ ಹಾಕಿಸಿಕೊಡಿ ಎಂದು ಮಾಲೀಕರನ್ನು ಕೇಳುವ ಹಕ್ಕು ನಿಮಗಿದೆ, ಸಂಕೋಚ ಬೇಡ. ಆಗುವ ತನಕ ಬಾಗಿಲು ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಮತ್ತು ರೆಗ್ಯುಲೇಟರ್ ಎರಡನ್ನೂ ಆರಿಸಿ, ಐದು ಹತ್ತು ನಿಮಿಷ ಗಾಳಿಯಾಡಲು ಬಿಟ್ಟು ಆಮೇಲೆ ಒಳಗೆ ಹೋಗಿ. ಉರಿಯುತ್ತಿರುವ ಗೀಸರ್ ಕೆಳಗೆ ಶವರ್ ಸ್ನಾನ ಬೇಡ. ಮಕ್ಕಳನ್ನೂ ವಯಸ್ಸಾದವರನ್ನೂ ಚಿಲಕ ಹಾಕಿಕೊಳ್ಳಲು ಬಿಡಬೇಡಿ. ಒಳಗೆ ಹೋದವರು ಕರೆದರೂ ಓಗೊಡದಿದ್ದರೆ ಬಾಗಿಲು ಒಡೆಯಿರಿ. ಮೊದಲು ಅವರನ್ನು ಬಯಲ ಗಾಳಿಗೆ ಎಳೆದು ತನ್ನಿ, ಗ್ಯಾಸ್ ಆರಿಸಿ, 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ "ಗ್ಯಾಸ್ ಗೀಸರ್ ಉರೀತಿತ್ತು" ಎಂದು ಬಾಯಿಬಿಟ್ಟು ಹೇಳಿ. ಬೆರಳಿಗೆ ಸಿಕ್ಕಿಸುವ ಮಾಮೂಲಿ ಆಕ್ಸಿಮೀಟರ್ ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ಓದಿ 98 ತೋರಿಸಬಹುದು. ನೀವು ಹೇಳಿದರೆ ಮಾತ್ರ ವೈದ್ಯರು ಬೇರೆ ರಕ್ತಪರೀಕ್ಷೆ ಮಾಡಿಸಿ, ತಡಮಾಡದೆ ಪೂರ್ತಿ ಆಮ್ಲಜನಕ ಕೊಡಲು ಶುರುಮಾಡುತ್ತಾರೆ.